ಅಂಪೈರ್ ಯಾವಾಗ್ಲೂ ನಮ್ ಟೀಮಿಗೇ ಯಾಕೆ ಮೋಸ ಮಾಡ್ತಾರೆ?

[ಸ್ಕ್ರೀನ್ ಮೇಲೆ: ಚಿನ್ನಸ್ವಾಮಿ, 28 ಮಾರ್ಚ್ 2019]

ನಮಸ್ಕಾರ ಗುರುಗಳೇ. ಆರ್‌ಸಿಬಿ-ಮುಂಬೈ ಮ್ಯಾಚು, ಕೊನೇ ಬಾಲ್, ನಮಗೆ ಏಳು ರನ್ ಬೇಕು, ಮುಂಬೈ ಬೌಲರ್ ಮಾಲಿಂಗ ಕಾಲು ಗೆರೆ ದಾಟಿದೆ, ನೋ ಬಾಲು, ಅಂಪೈರ್ ನೋಡ್ಲೇ ಇಲ್ಲ, ಆರು ರನ್ನಲ್ಲಿ ಸೋತ್ವಿ. ಇದನ್ನ ಬೆಂಗಳೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.

ಸರಿ, ಅದರ ಹಿಂದಿನ ಓವರಲ್ಲಿ ಬುಮ್ರಾ ಹಾಕಿದ ಒಂದು ಬಾಲನ್ನ ವೈಡ್ ಅಂದಿದ್ರು, ಅದು ವೈಡೇ ಅಲ್ಲ ಅಂತ ಮ್ಯಾಚ್ ಮುಗಿದ್ಮೇಲೆ ಆಗಿನ ಮುಂಬೈ ಕ್ಯಾಪ್ಟನ್ ರೋಹಿತ್ ಶರ್ಮಾ ಹೇಳಿದ್ರು. ಅದು ನೆನಪಿದ್ಯಾ? ಇಲ್ಲ ಅಲ್ವಾ? ಅದೇ ಇವತ್ತಿನ ವಿಷ್ಯ.

ಫ್ಯಾನ್ ಸುಳ್ಳು ಹೇಳ್ತಾನೆ ಅಂತ ನಾವು ಅಂದ್ಕೋತೀವಿ. ಇಲ್ಲ, ಅವನಿಗೆ ನಿಜವಾಗ್ಲೂ ಹಾಗೇ ಕಾಣ್ಸುತ್ತೆ. ಇದಕ್ಕೆ 1951ಕ್ಕೆ ಹೋಗ್ಬೇಕು, ಅಮೆರಿಕಾದಲ್ಲಿ ಪ್ರಿನ್ಸ್‌ಟನ್ ಮತ್ತೆ ಡಾರ್ಟ್‌ಮೌತ್ ಅನ್ನೋ ಎರಡು ಕಾಲೇಜುಗಳ ಫುಟ್ಬಾಲ್ ಮ್ಯಾಚು, ಅವರ ಫುಟ್ಬಾಲು, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು. ಪ್ರಿನ್ಸ್‌ಟನ್ ಸ್ಟಾರ್ ಪ್ಲೇಯರ್ ಮೂಗು ಮುರೀತು, ಡಾರ್ಟ್‌ಮೌತ್ ಕಡೆಯವನೊಬ್ಬನ ಕಾಲು ಮುರೀತು, ಮ್ಯಾಚ್ ಮುಗಿದ್ಮೇಲೂ ಕಿತ್ತಾಟ ನಿಲ್ಲಲಿಲ್ಲ. ಆಮೇಲೆ ಹ್ಯಾಸ್ಟಾರ್ಫ್, ಕ್ಯಾಂಟ್ರಿಲ್ ಅಂತ ಇಬ್ಬರು ಸೈಕಾಲಜಿಸ್ಟ್‌ಗಳು ಎರಡೂ ಕಾಲೇಜಿನ ಹುಡುಗ್ರಿಗೆ ಒಂದೇ ಫಿಲ್ಮ್ ತೋರ್ಸಿ, ಡಾರ್ಟ್‌ಮೌತ್ ಎಷ್ಟು ಫೌಲ್ ಮಾಡ್ತು ಎಣಿಸಿ ಅಂದ್ರು. ಡಾರ್ಟ್‌ಮೌತ್ ಹುಡುಗ್ರಿಗೆ ಸರಾಸರಿ 4.3 ಕಂಡ್ವು, ಪ್ರಿನ್ಸ್‌ಟನ್ ಹುಡುಗ್ರಿಗೆ 9.8! ನಮ್ಮನೆ ಮಗು ಹೊಡೆದ್ರೆ ತುಂಟಾಟ, ಪಕ್ಕದ್ಮನೆ ಮಗು ಹೊಡೆದ್ರೆ ರೌಡಿಸಂ.

[ಕ್ಯಾಮೆರಾ ಹತ್ರ ಬಾ]

ನನ್ನ ಫೇವರಿಟ್ ಭಾಗ ಇದಲ್ಲ ಆದ್ರೆ. ಡಾರ್ಟ್‌ಮೌತ್‌ನ ಒಬ್ಬ ಹಳೇ ವಿದ್ಯಾರ್ಥಿ, ತಮ್ಮ ಊರಿನ ಹಳೇ ವಿದ್ಯಾರ್ಥಿಗಳಿಗೆ ತೋರ್ಸೋಕೆ ಈ ಫಿಲ್ಮ್ ತರಿಸ್ಕೊಂಡು ಮೊದ್ಲು ತಾನೇ ನೋಡ್ದ. ನಮ್ಮ ಹುಡುಗ್ರು ಭಾರೀ ಫೌಲ್ ಮಾಡಿದ್ರು ಅಂತ ಅಷ್ಟೊಂದು ಕೇಳಿದ್ದಾನೆ, ನೋಡಿದ್ರೆ ಏನೂ ಕಾಣ್ತಿಲ್ಲ. ಆಗ ಏನ್ಮಾಡ್ದ ಗೊತ್ತಾ? ಟೆಲಿಗ್ರಾಂ ಕಳಿಸ್ದ! ಮುಖ್ಯವಾದ ಭಾಗ ಕಟ್ ಆಗಿರೋ ಹಾಗಿದೆ, ಕಾರಣ ತಿಳ್ಸಿ, ಆಗುತ್ತೆ ಅಂದ್ರೆ ಬಿಟ್ಟುಹೋದ ತುಣುಕನ್ನ ಏರ್‌ಮೇಲಲ್ಲಿ ಕಳ್ಸಿ, ಅಂಟಿಸೋ ಸಾಮಾನು ನಮ್ಮ ಹತ್ರಾನೇ ಇದೆ ಅಂತ. ಅಂಟಿಸೋ ಸಾಮಾನು ಇದೆಯಂತೆ ಮಾರಾಯ್ರೇ! ಏನ್ ಸಹಾಯ, ಏನ್ ವಿನಯ! ಅವನು ನಾಟಕ ಆಡ್ತಿಲ್ಲ, ಟೆಲಿಗ್ರಾಂಗೆ ಪದ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದಾನೆ. ರೀಪ್ಲೇ ತೋರ್ಸಿದ್ರೆ ಜಗಳ ಮುಗಿಯುತ್ತೆ ಅನ್ನೋರಿಗೆ ಈ ಟೆಲಿಗ್ರಾಂ ಫ್ರೇಮ್ ಹಾಕಿ ಕೊಡ್ಬೇಕು, ಯಾಕಂದ್ರೆ ಅವನ ಕೈಲಿ ಇದ್ದಿದ್ದೇ ರೀಪ್ಲೇ, ಅದು ಪೂರ್ತಿನೇ ಇತ್ತು.

ಟೈಮ್ ಆಯ್ತು ಅಂತ ಎಡಿಟರ್ ಕೈ ತೋರಿಸ್ತಿದ್ದಾರೆ, ಬೇಗ ಹೇಳ್ತೀನಿ. ರೆಫ್ರಿ ಏನು ದೇವ್ರಲ್ಲ: 2002ರಲ್ಲಿ ಬಂದ ಇಂಗ್ಲೆಂಡಿನ ಒಂದು ಸ್ಟಡಿಲಿ 40 ರೆಫ್ರಿಗಳಿಗೆ ಲಿವರ್‌ಪೂಲ್-ಲೆಸ್ಟರ್ ಫುಟ್ಬಾಲ್ ಮ್ಯಾಚಿನ 47 ಟ್ಯಾಕಲ್ ತೋರ್ಸಿದ್ರು, ಕೆಲವರಿಗೆ ಕ್ರೌಡ್ ಸೌಂಡ್ ಜೊತೆ, ಉಳಿದೋರಿಗೆ ಸೈಲೆಂಟಾಗಿ. ಸೌಂಡ್ ಕೇಳ್ದೋರು ಹೋಮ್ ಟೀಮಿನ ಮೇಲೆ ಕೊಟ್ಟ ಫೌಲು ಶೇ 15.5 ಕಮ್ಮಿ. ಅಂದ್ರೆ ಚಿನ್ನಸ್ವಾಮಿಲಿ ಗಂಟಲು ಹರ್ಕೊಂಡಿದ್ದು ದಂಡ ಆಗಿರ್ಲಿಕ್ಕಿಲ್ಲ. ಕ್ರಿಕೆಟ್ಟಲ್ಲಿ ಟೆಸ್ಟಿಗೆ ಇಬ್ಬರೂ ನ್ಯೂಟ್ರಲ್ ಅಂಪೈರ್, ಅಂದ್ರೆ ಆಡೋ ಎರಡೂ ದೇಶದವರಲ್ಲದೋರು, ಬಂದಿದ್ದು 2002ರಲ್ಲಿ, ಐಪಿಎಲ್‌ಲಿ ಫ್ರಂಟ್ ಫುಟ್ ನೋ ಬಾಲನ್ನ ಥರ್ಡ್ ಅಂಪೈರ್ ಕೈಗೆ ಕೊಟ್ಟಿದ್ದು 2020ರಲ್ಲಿ.

[ಸ್ಕ್ರೀನ್ ಮೇಲೆ: ಕಂಠೀರವ, 3 ಮಾರ್ಚ್ 2023]

ಲಾಸ್ಟ್ ಒಂದು. ಫುಟ್ಬಾಲಲ್ಲಿ ನಮ್ಮ ಬೆಂಗಳೂರು ಎಫ್‌ಸಿ-ಕೇರಳ ಬ್ಲಾಸ್ಟರ್ಸ್ ನಾಕೌಟು, ಎಕ್ಸ್‌ಟ್ರಾ ಟೈಮು, ಕೇರಳದವ್ರು ಬಾಲ್ ತಡೆಯೋಕೆ ಸಾಲಾಗಿ ನಿಂತು ಇನ್ನೂ ಗೋಡೆ ಕಟ್ತಿರೋವಾಗ್ಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲ್ ಮಾಡಿಬಿಟ್ರು, ರೆಫ್ರಿ ಗೋಲ್ ಅಂದ್ರು, ಕೇರಳದವ್ರು ಟೀಮ್ ಸಮೇತ ಎದ್ದು ಹೊರಟ್ರು. ಕೇರಳದ ಗೆಳೆಯರೇ, ಇಷ್ಟೆಲ್ಲಾ ಓದ್ಕೊಂಡ್ಮೇಲೆ ಆ ಕ್ಲಿಪ್ಪನ್ನ ಮತ್ತೆ ಹಾಕ್ಕೊಂಡು, ಮನಸ್ಸು ತಣ್ಣಗೆ ಇಟ್ಕೊಂಡು, ಸ್ಲೋ ಮೋಷನ್ನಲ್ಲಿ ನೋಡ್ದೆ. ನೂರಕ್ಕೆ ನೂರು ಗೋಲು.