ಒಂದು ತೊಟ್ಟು ಎಣ್ಣೆ ಒಳಗೆ ಹೋಗಬೇಕಲ್ಲ!

ಕೇಳುಗರೇ, ನಮಸ್ಕಾರ.

ನಾಜಲ್ ರಿಪೇರಿ ಅಂಗಡಿ ಮುಂದೆ ಯಾವತ್ತಾದರೂ ನಿಂತಿದ್ದೀರಾ? ನಾಜಲ್ ಅಂದರೆ ಡೀಸೆಲ್ ಎಂಜಿನ್ ಒಳಗೆ ಎಣ್ಣೆ ಚಿಮ್ಮಿಸುವ ಮೂತಿ. ಒಂದು ಕೈಪಂಪು, ಅದರ ತುದಿಗೆ ನಾಜಲ್. ಮೆಕ್ಯಾನಿಕ್ ಹಿಡಿಕೆ ಒತ್ತುತ್ತಾರೆ. 'ಟರ್ರ್' ಅಂತ ಸದ್ದಾಗಿ ಡೀಸೆಲ್ ಮಂಜಿನ ಹಾಗೆ ಚಿಮ್ಮಿದರೆ ನಾಜಲ್ ಚೆನ್ನಾಗಿದೆ. ಸುಮ್ನೆ ತೊಟ್ಟಿಕ್ಕಿದರೆ ಕೆಟ್ಟಿದೆ. ಆ ಮಂಜಿಗೆ ಬೆರಳು ಒಡ್ಡಬೇಡಿ ಮತ್ತೆ, ಚರ್ಮ ತೂರಿ ಒಳಗೆ ಹೋಗುತ್ತದೆ.

ಈ 'ಟರ್ರ್' ಅನ್ನಿಸಲು ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಗಾಳಿಯನ್ನು ಜೋರಾಗಿ ಒತ್ತಿದರೆ ಕಾಯುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು, ಅಲ್ವಾ? ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಲಿ, ಕಿಡಿ ಯಾಕೆ ಬೇಕು ಅಂದವರು ರುಡಾಲ್ಫ್ ಡೀಸೆಲ್. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1893ರ ಆಗಸ್ಟ್ 10ರಂದು ಪರೀಕ್ಷೆ ಮಾಡಿದರು. ಅವತ್ತು ಒಳಗೆ ಬಿಟ್ಟದ್ದು ಪೆಟ್ರೋಲು. ಹೊತ್ತಿಕೊಂಡಿತು, ನಿಜ. ಒತ್ತಡ ಅಳೆಯುವ ಇಂಡಿಕೇಟರೇ ಸಿಡಿದು ಚೂರಾಯಿತು! 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಸಲ ತಾನಾಗಿ ಓಡಿತು, ಬರೀ ಒಂದು ನಿಮಿಷ.

ತೊಡಕೆಲ್ಲ ಎಣ್ಣೆ ಹಾಕುವುದರಲ್ಲಿತ್ತು. ಎಂಜಿನ್ ಒಳಗಿನ ಗಾಳಿ ಹೊರಗಿನ ಗಾಳಿಯ ಮೂವತ್ತು ಪಟ್ಟು ಒತ್ತಡದಲ್ಲಿ ಹೊರಕ್ಕೆ ದಬ್ಬುತ್ತಿರುತ್ತದೆ. ಅದನ್ನು ಮೀರಿ ಒಂದು ತೊಟ್ಟು ಎಣ್ಣೆ, ಸರಿಯಾದ ಗಳಿಗೆಗೆ, ಪುಡಿಯಾಗಿ ಹೋಗಬೇಕು. ಡೀಸೆಲ್ ಸಾಹೇಬರು ಕೊನೆಗೆ ಇನ್ನೂ ಜೋರಿನ ಗಾಳಿಯಿಂದ ಎಣ್ಣೆಯನ್ನು ಊದಿಸಿದರು. 1897ರ ಪರೀಕ್ಷೆಯಲ್ಲಿ ಎಣ್ಣೆಯ ಶಕ್ತಿಯಲ್ಲಿ ಶೇಕಡಾ 26ರಷ್ಟು ಕೆಲಸಕ್ಕೆ ಬಂತು. ಉಗಿ ಎಂಜಿನ್ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಊದಲು ಪಕ್ಕದಲ್ಲೇ ಒಂದು ಕಂಪ್ರೆಸರ್ ಬೇಕು. ಹಡಗಿಗೆ ಸರಿ, ಲಾರಿಗೆ ಎಲ್ಲಿ ಕಟ್ಟುವುದು?

ಗಾಳಿಯ ಹಂಗು ಬಿಡಿಸಲು ಹಲವರು ಹೆಣಗಿದರು. ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿ 1922ರಲ್ಲಿ ಕೆಲಸಕ್ಕಿಳಿದು, 1927ರಲ್ಲಿ ಎಣ್ಣೆಯನ್ನೇ ಒತ್ತಿ ನಾಜಲ್‌ಗೆ ತಳ್ಳುವ ಪಂಪನ್ನು ಕಾರ್ಖಾನೆಯಿಂದ ಸಾಲಾಗಿ ಹೊರತಂದಿತು. ಅದರೊಳಗಿನ ಪ್ಲಂಜರ್ ನೋಡಬೇಕು. ಬೆರಳಿಗಿಂತ ಸಣ್ಣ ಉಕ್ಕಿನ ಕಡ್ಡಿ, ಮೈಮೇಲೆ ಓರೆಯಾಗಿ ಕೊರೆದ ತೋಡು. ಕಡ್ಡಿಯನ್ನು ಸ್ವಲ್ಪ ತಿರುಗಿಸಿದರೆ ಎಣ್ಣೆ ಹೆಚ್ಚು ಅಥವಾ ಕಡಿಮೆ. ನೀವು ಆಕ್ಸಿಲರೇಟರ್ ಒತ್ತಿದಾಗ ಆಗುತ್ತಿದ್ದದ್ದು ಇದೇ. ವಾಷರ್ ಇಲ್ಲ, ರಬ್ಬರ್ ಇಲ್ಲ. ಕಡ್ಡಿಗೂ ಅದರ ಕೊಳವೆಗೂ ನಡುವೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನ ಸಂದು, ಅಷ್ಟೇ. ಕೂದಲೂ ತೂರದು.

ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್‌ನ ಭಾರತದ ಕಂಪನಿ ಮೈಕೋದವರು ಇಂಥ ಪಂಪುಗಳನ್ನೇ ಮಾಡಿದ್ದು. ಈ ಕಡ್ಡಿ-ಕೊಳವೆಯ ಜೋಡಿಗೆ ಪಂಪಿನ ಅಂಗಡಿಗಳಲ್ಲಿ 'ಎಲಿಮೆಂಟ್' ಅನ್ನುತ್ತಾರೆ. ಒಂದರ ಕಡ್ಡಿ ಇನ್ನೊಂದರ ಕೊಳವೆಗೆ ಕೂರುವುದಿಲ್ಲ. ಅದಕ್ಕೇ ಬಲ್ಲ ಮೆಕ್ಯಾನಿಕ್ ಪಂಪು ಬಿಚ್ಚಿದಾಗ ಒಂದು ಜೋಡಿ ಇನ್ನೊಂದರ ಜೊತೆ ಬೆರೆಯದ ಹಾಗೆ ಇಟ್ಟೇ ತೊಳೆಯುತ್ತಾರೆ.

ನಮಸ್ಕಾರ.