ಮೇಜಿನ ಮೇಲೊಂದು ಮಂಜಿ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಬಂದರು ಪ್ರದೇಶದ ಒಂದು ಬ್ಯಾಂಕ್ ಶಾಖೆಯಲ್ಲಿ ಹಲವು ವರ್ಷ ಲೆಕ್ಕ ಬರೆದವನು ನಾನು. ಮಧ್ಯಾಹ್ನದ ಬುತ್ತಿ ಮುಗಿಸಿ ದಕ್ಕೆಯವರೆಗೆ ನಡೆದುಹೋಗಿ ಬರುವುದು ನನಗೆ ರೂಢಿಯಾಗಿತ್ತು. ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಸಿಮೆಂಟು ತುಂಬಿಕೊಂಡು ಹೋಗುವ ಮಂಜಿಗಳೆಂಬ ಮರದ ಸರಕು ಹಡಗುಗಳು ಅಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತಿದ್ದವು. ಅವನ್ನು ಸಾವಿರ ಸಲವಾದರೂ ನೋಡಿರಬೇಕು. ಆದರೆ ನಿವೃತ್ತಿಯ ಬಳಿಕ ಹಡಗಿನ ಮಾದರಿ ಮಾಡಲು ಪೆನ್ಸಿಲು ಹಿಡಿದು ಕುಳಿತಾಗ, ಮಂಜಿಯ ಮೂತಿಯ ಬಾಗು ಎಲ್ಲಿಂದ ಶುರುವಾಗಿ ಎಲ್ಲಿ ನೆಟ್ಟಗಾಗುತ್ತದೆ ಎಂಬುದನ್ನು ಕಾಗದದ ಮೇಲೆ ಎಳೆಯಲು ನನ್ನಿಂದ ಆಗಲಿಲ್ಲ. ಕಂಡದ್ದಕ್ಕೂ ನೋಡಿದ್ದಕ್ಕೂ ಇರುವ ಅಂತರ ನನಗೆ ಅರಿವಾದದ್ದು ಆ ದಿನ.

ಹಡಗಿನ ಮಾದರಿ ಎಂದೊಡನೆ ಕಡಲತೀರದ ಅಂಗಡಿಗಳಲ್ಲಿ ಕಪ್ಪೆಚಿಪ್ಪಿನ ಪೀಠದ ಮೇಲೆ ನಿಲ್ಲಿಸಿ ಮಾರುವ ಆಟಿಕೆ ನೆನಪಾಗುವುದು ಸಹಜ. ನಾನು ಹೇಳಹೊರಟಿರುವ ಕೆಲಸ ಬೇರೆ. ನಿಜವಾದ ಹಡಗನ್ನು ಕಟ್ಟುವ ಕ್ರಮದಲ್ಲಿಯೇ ಮೊದಲು ಅಡಿಮರವನ್ನಿಟ್ಟು, ಅದರ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿ, ಅವುಗಳಿಗೆ ಒಂದೊಂದಾಗಿ ಹಲಗೆ ಹೊದಿಸಿ, ಕೊನೆಯಲ್ಲಿ ಹಾಯಿ ಹೊರುವ ಕೂವೆಮರಗಳನ್ನು ನೆಟ್ಟು ಹಗ್ಗ ಬಿಗಿಯಬೇಕು. ಹದಿನೇಳನೆಯ ಶತಮಾನದಿಂದಲೇ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳ ಇಂತಹ ಮಾದರಿಗಳನ್ನು ಮಾಡುತ್ತಿದ್ದರು. ಅವು ಹೆಚ್ಚಾಗಿ 1:48ರ ಪ್ರಮಾಣದಲ್ಲಿರುತ್ತಿದ್ದವು, ಅಂದರೆ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ. ನಮ್ಮ ಮನೆಯ ಚಾವಡಿ ಅಷ್ಟು ಉದಾರವಾಗಿಲ್ಲದ ಕಾರಣ ನಾನು 1:64ಕ್ಕೆ ಇಳಿದೆ. ಆ ಲೆಕ್ಕದಲ್ಲಿ ಹತ್ತು ಅಂಗುಲ ಅಗಲದ ಹಲಗೆ 4 ಮಿಲಿಮೀಟರಿನ ಪಟ್ಟಿಯಾಗುತ್ತದೆ. ಐದಡಿ ಎಂಟಂಗುಲ ಎತ್ತರದ ನಾವಿಕ 27 ಮಿಲಿಮೀಟರಿಗೆ ಇಳಿಯುತ್ತಾನೆ.

ಮೊದಲು ಕೈಗೆತ್ತಿಕೊಂಡದ್ದು ಮಂಜಿಯನ್ನಲ್ಲ, ಟ್ರಿಂಕಾಮಲಿ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು. ಹೆಸರು ಸಿಂಹಳದ ಬಂದರಿನದು, ಹುಟ್ಟಿದ್ದು ಮುಂಬಯಿಯಲ್ಲಿ, ಮರ ಮಲಬಾರಿನ ಸಾಗುವಾನಿ. ನೆಪೋಲಿಯನ್ನನೊಂದಿಗಿನ ಯುದ್ಧಗಳಿಂದಾಗಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿದ್ದ ಕಾಲವದು. 1812ರಲ್ಲಿ ಈ ಹಡಗನ್ನು ಕಟ್ಟಲು ಆದೇಶವಾಯಿತು. ಅದರ ನಕ್ಷೆಗಳನ್ನು ಹೊತ್ತು ಬರುತ್ತಿದ್ದ ಜಾವಾ ಎಂಬ ಹಡಗು ಅದೇ ವರ್ಷದ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆಗೆ ಸೋತು ನಾಶವಾಯಿತು. ಮತ್ತೊಂದು ಪ್ರತಿ ಬರುವ ತನಕ ಮುಂಬಯಿಯವರು ಕಾಯಬೇಕಾಯಿತು. 1816ರಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರು ಪಾರಸಿ ಸಂಪ್ರದಾಯದಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದು ಕೆಲಸಕ್ಕೆ ಮುಹೂರ್ತ ಮಾಡಿದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಅದು ಇವತ್ತಿಗೂ ತೇಲುತ್ತಿದೆ. ಇನ್ನೂರು ವರ್ಷ ಉಪ್ಪುನೀರನ್ನು ತಾಳಿಕೊಂಡ ಮರ ನಮ್ಮ ಘಟ್ಟದ ಸೀಮೆಯದು ಎಂಬ ಅಭಿಮಾನವೇ ನನ್ನನ್ನು ಆ ಹಡಗಿನ ಕಡೆಗೆ ಎಳೆಯಿತೆಂದು ಒಪ್ಪಿಕೊಳ್ಳಬೇಕು.

ಅಭಿಮಾನಕ್ಕೆ ಮೊದಲ ಪೆಟ್ಟು ಬಿದ್ದದ್ದು ಮರದಿಂದಲೇ. ಸಾಗುವಾನಿಯ ಹಡಗನ್ನು ಸಾಗುವಾನಿಯಲ್ಲೇ ಮಾಡಬೇಕೆಂದು ಮರದ ಮಿಲ್ಲಿನಿಂದ ತುಂಡುಗಳನ್ನು ಆರಿಸಿ ತಂದು, ಸೀಳಿ, ಉಪ್ಪುಕಾಗದ ಹಾಕಿ ನುಣುಪು ಮಾಡಿದೆ. ಹಡಗು ಅರುವತ್ತನಾಲ್ಕು ಪಟ್ಟು ಕುಗ್ಗಿದರೂ ಮರದ ಎಳೆ ಕುಗ್ಗುವುದಿಲ್ಲವಲ್ಲ! ಸಾಗುವಾನಿಯ ರಂಧ್ರಗಳು ನಾಲ್ಕು ಮಿಲಿಮೀಟರಿನ ಪಟ್ಟಿಯ ಮೇಲೆ ಹುಳು ಕೊರೆದ ಗಾಯದಂತೆ ಕಂಡವು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರ ನಯವಾದದ್ದು, ಎಳೆ ಕಣ್ಣಿಗೆ ಬೀಳದಷ್ಟು ಒತ್ತಾದದ್ದು. ಕೊನೆಗೆ ಅದನ್ನೇ ತರಿಸಿ, ಚಹಾದ ಡಿಕಾಕ್ಷನ್ ಬಳಿದು ಸಾಗುವಾನಿಯ ಬಣ್ಣಕ್ಕೆ ತಂದೆ.

ಎರಡನೆಯ ಪೆಟ್ಟಿಗೆ ನನ್ನ ಆತುರವೇ ಕಾರಣ. ಪಟ್ಟಿಗಳನ್ನು ಬಾಗಿಸಬೇಕಾದರೆ ಅವನ್ನು ಹಬೆಯಲ್ಲಿ ಮೆತ್ತಗೆ ಮಾಡಿಕೊಳ್ಳಬೇಕು. ಅದಕ್ಕೆ ಇಡ್ಲಿ ಬೇಯಿಸುವ ಅಟ್ಟಿನಳಗೆಗಿಂತ ಉತ್ತಮ ಸಲಕರಣೆ ನನಗೆ ಸಿಕ್ಕಿಲ್ಲ. ಮನೆಯವರ ಅಭಿಪ್ರಾಯ ಬೇರೆಯಿದೆ, ಅದನ್ನು ಇಲ್ಲಿ ಬಿತ್ತರಿಸುವುದು ಬೇಡ. ಹಬೆಯಾಡಿದ ಪಟ್ಟಿ ಮೂತಿಯ ಬಾಗಿಗೆ ಸುಲಭವಾಗಿ ಒಗ್ಗಿದ್ದನ್ನು ಕಂಡು ಹುರುಪಾಗಿ, ಎಡಬದಿಗೆ ಒಂದರ ಮೇಲೊಂದರಂತೆ ಒಂಬತ್ತು ಸಾಲು ಅಂಟಿಸಿಬಿಟ್ಟೆ. ಮರುದಿನ ನೋಡಿದರೆ ಅಡಿಮರ ಬಾಳೆಹಣ್ಣಿನಂತೆ ಎಡಕ್ಕೆ ಬಾಗಿತ್ತು. ಎಡಕ್ಕೊಂದು ಸಾಲು ಹಾಕಿದರೆ ಬಲಕ್ಕೂ ಒಂದನ್ನು ಹಾಕಿ ಸೆಳೆತವನ್ನು ಸರಿತೂಗಿಸುತ್ತಾ ಹೋಗಬೇಕೆಂಬುದು ಈ ಕೆಲಸದ ಮೊದಲ ಪಾಠ. ಜಮೆ ಮತ್ತು ಖರ್ಚಿನ ಕಲಮುಗಳನ್ನು ಮೂವತ್ತು ವರ್ಷ ಎದುರುಬದುರು ಬರೆದವನಿಗೆ ಅದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಒಂಬತ್ತು ಸಾಲುಗಳನ್ನೂ ಕಿತ್ತು ಮೊದಲಿನಿಂದ ಶುರುಮಾಡಿದೆ.

ಹಲಗೆಗಳನ್ನು ಪಕ್ಕೆಲುಬಿಗೆ ಸೇರಿಸುವ ಮರದ ಮೊಳೆಗಳು ನಿಜವಾದ ಹಡಗಿನಲ್ಲಿ ಒಂದೂವರೆ ಅಂಗುಲ ದಪ್ಪವಿದ್ದರೆ ಮಾದರಿಯಲ್ಲಿ 0.6 ಮಿಲಿಮೀಟರು ಇರಬೇಕು. ಬಿದಿರಿನ ಸೀಳುಗಳನ್ನು ಅಕ್ಕಸಾಲಿಗರು ತಂತಿ ಎಳೆಯುವ ಕಂಬಚ್ಚಿನ ತೂತುಗಳಲ್ಲಿ, ದೊಡ್ಡದರಿಂದ ಸಣ್ಣದಕ್ಕೆ, ಸರದಿಯಂತೆ ಎಳೆದರೆ ಅಂತಹ ಕಡ್ಡಿ ಸಿದ್ಧವಾಗುತ್ತದೆ. ಬೆಳಗಿನ ಎಂಟರಿಂದ ಹತ್ತರವರೆಗೆ, ಪೂರ್ವದ ಕಿಟಕಿಯ ಬೆಳಕಿನಲ್ಲಿ, ದಿನಕ್ಕೆ ನಲುವತ್ತು ಮೊಳೆ ಕೂರಿಸಿದರೆ ನನ್ನ ಕಣ್ಣಿಗೆ ಸಾಕಾಗುತ್ತದೆ. ಅರುವತ್ತು ದಾಟಿದ ಕೈ ಕೊಂಚ ನಡುಗುತ್ತದೆ. ಮುಂಗೈಯನ್ನು ಮೇಜಿಗೆ ಊರಿ ಉಸಿರು ಬಿಡುವಾಗ ಮೊಳೆ ಒತ್ತಿದರೆ ನಡುಕ ತೊಂದರೆ ಕೊಡುವುದಿಲ್ಲ.

ಹಗ್ಗದ ಕೆಲಸದ ಬಗ್ಗೆ ಮಾತನಾಡಹೊರಟರೆ ನನ್ನ ಸಮಯ ಮುಗಿದುಹೋದೀತು. ಕೂವೆಮರವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದುದರಿಂದ ಅವು ಕಪ್ಪು. ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳು ನಾರಿನ ಬಣ್ಣದವು. ಪ್ರತಿಯೊಂದಕ್ಕೂ ಒಂದು ಕೆಲಸ, ಕಟ್ಟಲು ಒಂದು ಗೊತ್ತಾದ ಗೂಟ. ದರ್ಜಿಯ ಹತ್ತಿ ನೂಲನ್ನು ಹುರಿಮಾಡಿ, ಜೇನುಮೇಣ ತೀಡಿ ಎಲ್ಲವನ್ನೂ ಬಿಗಿದದ್ದು ಒಂದು ಏಪ್ರಿಲಿನಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು ಎಂಬುದನ್ನು ಆಗ ಮರೆತಿದ್ದೆ. ತೇವ ಹೀರಿದ ನೂಲು ಉಬ್ಬಿ ಉದ್ದದಲ್ಲಿ ಕುಗ್ಗುತ್ತದೆ. ಜೂನ್ ಮುಗಿಯುವಷ್ಟರಲ್ಲಿ ಮುಂದಿನ ಕೂವೆಮರವನ್ನು ಹಗ್ಗಗಳು ಹಿಂದಕ್ಕೆ ಜಗ್ಗಿದ್ದವು, ಡೆಕ್ಕಿನ ಮೇಲೆ ಬೂಷ್ಟು ಹಿಡಿದಿತ್ತು. ಈಗ ಮಳೆಗಾಲದಲ್ಲಿ ಹಗ್ಗ ಬಿಗಿಯುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಹರಳುಗಳನ್ನು ಇಡುತ್ತೇನೆ.

ಆ ಹಡಗು ಮುಗಿಯುವಾಗ ನಾಲ್ಕು ವರ್ಷ ಕಳೆದಿತ್ತು. ಆಗ ದಕ್ಕೆಯ ಮಂಜಿಗಳು ಮತ್ತೆ ನೆನಪಾದವು. ನಕ್ಷೆ ಸಮುದ್ರದ ಪಾಲಾದರೂ ಮತ್ತೊಂದನ್ನು ತರಿಸಿಕೊಂಡು ಕಟ್ಟಿದ ಹಡಗು ಅದು. ಇವಕ್ಕೆ ನಕ್ಷೆಯೇ ಇಲ್ಲ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗನ್ನು ಕಟ್ಟುವ ಮೇಸ್ತ್ರಿಗಳೂ ಅಳತೆಯನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತಾರೆ, ಅಲ್ಲಿ ಹಲಗೆಗಳು ಮೊದಲು ಏರುತ್ತವೆ, ಪಕ್ಕೆಲುಬು ಆಮೇಲೆ ಒಳಗೆ ಕೂರುತ್ತದೆ. ನಮ್ಮ ದಕ್ಕೆಯಲ್ಲಿ ಒಬ್ಬ ಹಿರಿಯ ಆಚಾರಿಯವರನ್ನು ನಕ್ಷೆಯ ಬಗ್ಗೆ ಕೇಳಿದಾಗ ಅವರು ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ ಗೇಣು ತೋರಿಸಿ ನಕ್ಕರು. ಮಂಜಿಗಳ ಜಾಗಕ್ಕೆ ಕಬ್ಬಿಣದ ದೋಣಿಗಳು ಬರುತ್ತಿರುವ ಈ ದಿನಗಳಲ್ಲಿ ಆ ಗೇಣನ್ನು ಯಾರಾದರೂ ಅಂಗುಲಕ್ಕೆ ಇಳಿಸಿ ಬರೆದಿಡದಿದ್ದರೆ ಮುಂದೆ ಮಾದರಿ ಮಾಡಬೇಕೆಂದರೂ ಮಾಡಲಾಗದು. ಪರದೇಶದ ಪ್ರಸಿದ್ಧ ಹಡಗುಗಳನ್ನು ಸಾವಿರಾರು ಜನ ಮಾಡಿದ್ದಾರೆ. ನಮ್ಮ ಮಂಜಿಯನ್ನು ನಾವಲ್ಲದೆ ಇನ್ನಾರು ಮಾಡಬೇಕು?

ಮುಂಗಾರಿನಲ್ಲಿ ಮಂಜಿಗಳಿಗೆ ಸಂಚಾರವಿಲ್ಲ, ಹೀಗಾಗಿ ಅಳತೆಗೆ ಅದೇ ಸುಗ್ಗಿ. ದಡಕ್ಕೆ ಎಳೆದಿಟ್ಟ ಒಂದು ಮಂಜಿಯ ಉದ್ದಕ್ಕೆ ದಾರ ಕಟ್ಟಿ, ಮೂರು ಮೂರು ಅಡಿಗೆ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ತೂಗುಗುಂಡು ಇಳಿಬಿಟ್ಟು ದಾರಕ್ಕೂ ಹಲಗೆಗೂ ಇರುವ ದೂರವನ್ನು ಹಳೆಯ ಲೆಡ್ಜರಿನಲ್ಲಿ ಬರೆದುಕೊಂಡೆ. ಕೊಡೆ ಹಿಡಿಯಲು ಮೊಮ್ಮಗ ಬಂದಿದ್ದ. ಒಡಲಿಗೆ ಬಳಿದ ಗೇರುಸಿಪ್ಪೆಯ ಎಣ್ಣೆ ನನ್ನ ಅಂಗಿಗೂ ಲೆಡ್ಜರಿಗೂ ತಾಗಿ, ಕೆಲವು ಅಂಕಿಗಳನ್ನು ಓದಲು ಭೂತಕನ್ನಡಿಯೇ ಬೇಕಾಯಿತು. ಮೂತಿಯಿಂದ ನಡುವಿನವರೆಗೆ ಅಳತೆ ಸಿಕ್ಕಿದೆ, ಆ ಭಾಗದ ಪಕ್ಕೆಲುಬುಗಳು ಮೇಜಿನ ಮೇಲೆ ಎದ್ದು ನಿಂತಿವೆ. ಚುಕ್ಕಾಣಿಯ ಕಡೆಯ ಅರ್ಧವನ್ನು ಅಳೆಯುವ ಮೊದಲೇ ಮಳೆ ನಿಂತು, ಮಂಜಿ ಸರಕು ತುಂಬಿಕೊಂಡು ದ್ವೀಪಕ್ಕೆ ಹೊರಟುಹೋಯಿತು. ಮುಂದಿನ ಜೂನಿನಲ್ಲಿ ಅದೇ ದಡಕ್ಕೆ ಬರುತ್ತದೆಂದು ಆಚಾರಿಯವರು ಹೇಳಿದ್ದಾರೆ; ದಾರವನ್ನು ಬಿಚ್ಚದೆ ಹಾಗೆಯೇ ಸುತ್ತಿಟ್ಟಿದ್ದೇನೆ.

ನಮಸ್ಕಾರ.