ಸೆರಗಿನ ಗಂಟು, ಫೋನಿನ ಪಟ್ಟಿ

ಕೇಳುಗರೇ, ನಮಸ್ಕಾರ.

ನಮ್ಮ ಅಮ್ಮನಿಗೆ ಒಂದು ಅಭ್ಯಾಸವಿತ್ತು. ಏನಾದರೂ ಮರೆಯಬಾರದು ಅಂದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಸಂಜೆ ಕೈ ಒರೆಸಿಕೊಳ್ಳುವಾಗ ಆ ಗಂಟು ಕೈಗೆ ಸಿಗುತ್ತಿತ್ತು. 'ಅಯ್ಯೋ, ಇದನ್ನ ಯಾಕೆ ಹಾಕಿದ್ದೆ?' ಅಂತ ಅಡುಗೆಮನೆ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಏನೋ ಕೆಲಸ ಇದೆ ಅಂತ ಗೊತ್ತು. ಏನದು ಅಂತ ಗೊತ್ತಿಲ್ಲ. ನಾವು ಮಕ್ಕಳು ನಗುತ್ತಿದ್ದೆವು.

ಈಗ ನನ್ನ ಫೋನಿನಲ್ಲಿ ಕೆಲಸಗಳ ಪಟ್ಟಿಗೆ ಅಂತಲೇ ಆ್ಯಪ್ ಇದೆ. ಆದರೂ ಕಳೆದ ವರ್ಷ ನಾನೂ ಅಮ್ಮನ ಹಾಗೇ ನಿಂತೆ. ಪಟ್ಟಿಯಲ್ಲಿ 'ವಿಮೆ' ಅಂತ ಒಂದೇ ಒಂದು ಪದ ಇತ್ತು. ಯಾರ ವಿಮೆ? ಏನು ಮಾಡಬೇಕು? ನೋಡಿದಾಗಲೆಲ್ಲ 'ಆಮೇಲೆ ನೋಡೋಣ' ಅಂತ ಬೆರಳಿನಿಂದ ಮೇಲೆ ತಳ್ಳಿದೆ. ಮೂರು ವಾರ ಹೀಗೇ ಹೋಯಿತು. ಸ್ಕೂಟರಿನ ವಿಮೆ ಮುಗಿದಿದೆ ಅಂತ ನನಗೆ ಹೇಳಿದ್ದು ಆ್ಯಪ್ ಅಲ್ಲ, ರಸ್ತೆಯಲ್ಲಿ ಕೈ ಅಡ್ಡ ಹಿಡಿದ ಪೊಲೀಸರು!

ಆ ಸಂಜೆ ಪಟ್ಟಿ ಬಿಚ್ಚಿ ಕೂತೆ. 'ಮಿಕ್ಸಿ', 'ಬ್ಯಾಂಕ್', 'ಅಪ್ಪ', 'ಗ್ಯಾಸ್'. ನಾನು ಬರೆದಿಟ್ಟಿದ್ದು ಕೆಲಸಗಳನ್ನಲ್ಲ, ಸುಮ್ನೆ ಗಂಟುಗಳನ್ನು.

ಅವತ್ತಿನಿಂದ ಬರೆಯುವ ರೀತಿ ಬದಲಿಸಿದೆ. 'ಮಿಕ್ಸಿ' ಅಂತ ಬರೆದರೆ ಕೈ ಮುಂದೆ ಹೋಗುವುದಿಲ್ಲ. ಈಗ ಹೀಗೆ ಬರೆಯುತ್ತೇನೆ: 'ಶನಿವಾರ ಸಂಜೆ ಪೇಟೆಗೆ ಹೋಗುವಾಗ ಮಿಕ್ಸಿಯ ಸಣ್ಣ ಜಾರ್ ಚೀಲಕ್ಕೆ ಹಾಕಿಕೊಳ್ಳುವುದು.' ಬ್ಲೇಡ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಜಾರ್ ಮನೆಯಲ್ಲೇ ಉಳಿದುಬಿಡುತ್ತಿತ್ತು, ಅಷ್ಟೇ ತೊಂದರೆ. 'ಅಪ್ಪ' ಅನ್ನುವುದು 'ನವೆಂಬರ್ ಮೊದಲ ವಾರ ಅಪ್ಪನನ್ನು ಕರೆದುಕೊಂಡು ಹೋಗಿ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಿಸುವುದು' ಅಂತಾಯಿತು. ಟೈಪ್ ಮಾಡಲು ಬೇಜಾರಾದರೆ ಮಾತಾಡಿಬಿಡಿ. ಗೂಗಲ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ 2017ರಿಂದಲೇ ಇದೆ. ಚಪಾತಿ ಹಿಟ್ಟು ಕಲಸುತ್ತಾ ನಾನು ಎಷ್ಟೋ ಕೆಲಸ ಹೀಗೇ ಬರೆಸಿದ್ದೇನೆ. ಒಮ್ಮೊಮ್ಮೆ ಕುಕ್ಕರಿನ ಸೀಟಿಗೆ ಅದಕ್ಕೂ ಗಲಿಬಿಲಿಯಾಗುತ್ತದೆ, ಇರಲಿ.

ಇದರ ಹಿಂದೆ ಒಂದು ಹಳೆಯ ಕಥೆಯಿದೆ. ಬ್ಲೂಮಾ ಜೈಗಾರ್ನಿಕ್ ಅನ್ನುವ ಮನಃಶಾಸ್ತ್ರಜ್ಞೆ ಬರ್ಲಿನ್‌ನಲ್ಲಿ ಪ್ರಯೋಗಗಳನ್ನು ಮಾಡಿ, 1927ರಲ್ಲಿ ಪ್ರಕಟಿಸಿದರು. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಜಾಸ್ತಿ ನೆನಪಿರುತ್ತದೆ ಅಂದರು. ನಂತರ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಯಾವಾಗಲೂ ಹಾಗೇ ಬರಲಿಲ್ಲ. ಆದರೆ ಮಾಡದ ಕೆಲಸ ರಾತ್ರಿ ತಲೆ ಕೊರೆಯುವುದಂತೂ ನಮಗೆಲ್ಲ ಗೊತ್ತು. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಅಮೆರಿಕದಲ್ಲಿ ಇನ್ನೊಂದು ವಿಷಯ ತೋರಿಸಿದರು. ಆ ಕೊರೆತ ನಿಲ್ಲಲು ಕೆಲಸ ಮುಗಿದೇ ಇರಬೇಕು ಅಂತಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಅಂತ ಗಟ್ಟಿಯಾಗಿ ಗೊತ್ತುಮಾಡಿಕೊಂಡರೂ ಸಾಕು. ಅಂದರೆ ಜಾರ್ ಚೀಲಕ್ಕೆ ಹೋಗುವ ಮೊದಲೇ ತಲೆಯಿಂದ ಇಳಿದಿರುತ್ತದೆ.

ನಾನು ಅಕೌಂಟ್ಸ್ ವಿಭಾಗದವಳು. ಆಫೀಸಿನಲ್ಲಿ ನನಗೆ ತಾರೀಖುಗಳೇ ಯಜಮಾನರು. ಸಾಮಾನ್ಯವಾಗಿ ಪ್ರತಿ ತಿಂಗಳು 7ಕ್ಕೆ ಟಿಡಿಎಸ್, ಅಂದರೆ ಮೊದಲೇ ಹಿಡಿದಿಟ್ಟ ತೆರಿಗೆ ಕಟ್ಟುವುದು, 11ಕ್ಕೆ ಜಿಎಸ್‌ಟಿಯ ಮೊದಲ ರಿಟರ್ನ್, 20ಕ್ಕೆ ಇನ್ನೊಂದು. ತಪ್ಪಿದರೆ ಬಡ್ಡಿ, ದಂಡ. ಹಾಗಾಗಿ ಅವು ತಪ್ಪುವುದಿಲ್ಲ. ಮನೆ ಕೆಲಸಕ್ಕೆ ಹಾಗೆ ಕೇಳುವವರಿಲ್ಲ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಯಾರೂ ನೋಟಿಸ್ ಕಳಿಸುವುದಿಲ್ಲ, ಅಲ್ವಾ? ಅದಕ್ಕೇ ಆಫೀಸು ಗೆಲ್ಲುತ್ತದೆ, ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ಮನೆಯಲ್ಲಿ ತಾರೀಖು ಇರುವ ಕೆಲಸ ಕಡಿಮೆ. ಆಸ್ತಿ ತೆರಿಗೆ ಅಂಥದ್ದೊಂದು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇಕಡ 5 ರಿಯಾಯಿತಿ ಸಿಗುತ್ತದೆ. ಅದನ್ನು ನಾನು 'ಪ್ರತಿ ವರ್ಷ ಏಪ್ರಿಲ್ 2' ಅಂತ ಹಾಕಿಟ್ಟಿದ್ದೇನೆ.

ಇಲ್ಲೊಂದು ಸೂಕ್ಷ್ಮ ಇದೆ. ಮತ್ತೆ ಮತ್ತೆ ಬರುವ ಕೆಲಸದಲ್ಲಿ ಎರಡು ಜಾತಿ. ಮನೆ ಸಾಲದ ಕಂತು 5ನೇ ತಾರೀಖು ಅಂದರೆ 5ನೇ ತಾರೀಖೇ. ಈ ತಿಂಗಳು ತಡವಾಯಿತು ಅಂತ ಮುಂದಿನ ತಿಂಗಳ ಕಂತು ತಡವಾಗಿ ಬರುವುದಿಲ್ಲ. ಆದರೆ ನೀರಿನ ಫಿಲ್ಟರ್ ಹಾಗಲ್ಲ. ಆರು ತಿಂಗಳಿಗೊಮ್ಮೆ ಬದಲಿಸಬೇಕು ಅಂತಿಟ್ಟುಕೊಳ್ಳಿ. ಎರಡು ತಿಂಗಳು ತಡವಾಗಿ ಬದಲಿಸಿದರೆ, ಮುಂದಿನ ಆರು ತಿಂಗಳನ್ನು ಬದಲಿಸಿದ ದಿನದಿಂದ ಎಣಿಸಬೇಕು. ಮಾಮೂಲಿ ಕ್ಯಾಲೆಂಡರ್ ಆ್ಯಪ್‌ಗೆ ಇದು ಗೊತ್ತಾಗುವುದಿಲ್ಲ. ಟುಡೂಯಿಸ್ಟ್‌ನಂಥ ಆ್ಯಪ್‌ನಲ್ಲಿ 'ಎವ್ರಿ' ಅನ್ನುವ ಪದದ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ, ಕೆಲಸ ಮುಗಿದ ದಿನದಿಂದ ಲೆಕ್ಕ ಶುರುವಾಗುತ್ತದೆ. ಇಷ್ಟು ಚಿಕ್ಕ ವಿಷಯ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಯಾವ ಆ್ಯಪ್ ಒಳ್ಳೆಯದು ಅಂತ ಗೆಳತಿಯರು ಕೇಳುತ್ತಾರೆ. ಗೂಗಲ್ ಕೀಪ್ ಆಗಬಹುದು, ಮೈಕ್ರೋಸಾಫ್ಟ್ ಟು ಡು ಆಗಬಹುದು. ಒಂದನ್ನು ಹಿಡಿದುಕೊಳ್ಳಿ. ಆದರೆ ಅದನ್ನು ನೆಚ್ಚಿ ಅದರಲ್ಲೇ ಎಲ್ಲ ತುಂಬಬೇಡಿ. ವಂಡರ್‌ಲಿಸ್ಟ್ ಅಂತ ಒಂದಿತ್ತು. ತುಂಬ ಜನ ಇಷ್ಟಪಟ್ಟು ಬಳಸುತ್ತಿದ್ದರು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ನಾನು ಆರು ತಿಂಗಳಿಗೊಮ್ಮೆ ನನ್ನ ಪಟ್ಟಿಯನ್ನು ಒಂದು ಸಾದಾ ಫೈಲಿಗೆ ಇಳಿಸಿಕೊಳ್ಳುತ್ತೇನೆ. ಪಾಸ್‌ವರ್ಡ್, ಬ್ಯಾಂಕಿನ ಪಿನ್ ಇಂಥವನ್ನು ಪಟ್ಟಿಯಲ್ಲಿ ಬರೆಯಲೇಬೇಡಿ.

ಮನೆಯವರ ಜೊತೆ ಒಂದೇ ಪಟ್ಟಿ ಹಂಚಿಕೊಳ್ಳುವುದು ನಿಜಕ್ಕೂ ಅನುಕೂಲ. ನಾನು ಮನೆಯಲ್ಲಿ ಬರೆಯುತ್ತೇನೆ, ಇವರು ಅಂಗಡಿಯಲ್ಲಿ ಟಿಕ್ ಹಾಕುತ್ತಾರೆ, ಅದು ನನಗೂ ಕಾಣುತ್ತದೆ. ಮೊದಲ ದಿನ 'ಕೊತ್ತಂಬರಿ' ಅಂತ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಸೊಪ್ಪು, ಸಾರಿಗೆ. ಇವರು ತಂದಿದ್ದು ಅರ್ಧ ಕೆಜಿ ಬೀಜ. 'ನೀನು ಬರೆದಿದ್ದೇ ತಂದಿದೀನಿ' ಅಂತ ಫೋನ್ ತೋರಿಸಿದರು. ಏನು ಹೇಳಲಿ? ತಪ್ಪು ನನ್ನದೇ. ಆ ವಾರ ಸಾರಿನ ಪುಡಿ ಮಾಡಿದೆ.

ನಮ್ಮ ಅತ್ತೆಗೆ ಮಾತ್ರ ಇದ್ಯಾವುದೂ ಬೇಡ. ಅವರದ್ದು ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಸಿಲಿಂಡರ್ ಹಚ್ಚಿದ ದಿನ, ಹಾಲು ಬೇಡ ಅಂದ ದಿನ, ಹೂವಿನವಳಿಗೆ ಕೊಟ್ಟ ದುಡ್ಡು, ಎಲ್ಲ ಆ ಪುಟ್ಟ ಚೌಕಗಳಲ್ಲೇ ಇದೆ. ಸಿಲಿಂಡರ್ ಎಷ್ಟು ದಿನ ಬಂತು ಅಂತ ಕೇಳಿದರೆ, ನಾನು ಫೋನಿನ ಬೀಗ ತೆಗೆಯುವಷ್ಟರಲ್ಲಿ ಅವರು ಉತ್ತರ ಹೇಳಿಯಾಗಿರುತ್ತದೆ. ಅದನ್ನು ಬಿಡಿಸುವ ಪ್ರಯತ್ನ ನಾನು ಮಾಡಿಲ್ಲ. ಅದರ ಬದಲು ಭಾನುವಾರ ಸಂಜೆ ಕಾಫಿ ಹೊತ್ತಿಗೆ ಅವರು ಗೋಡೆ ನೋಡಿ ಓದುತ್ತಾರೆ, ನಾನು ಫೋನಿಗೆ ಇಳಿಸುತ್ತೇನೆ. ಆಮೇಲೆ ನನ್ನ ಪಟ್ಟಿ ಓದುತ್ತೇನೆ. ಎರಡು ತಿಂಗಳಿಂದ ಮಾಡದೇ ಉಳಿದದ್ದು ಸಿಕ್ಕರೆ, 'ಇದು ಬೇಕಾ?' ಅಂತ ಕೇಳಿ ಅಳಿಸಿಬಿಡುತ್ತೇನೆ. ಹದಿನೈದು ನಿಮಿಷದ ಕೆಲಸ. ವಾರದಲ್ಲಿ ನನಗೆ ತುಂಬ ಇಷ್ಟವಾಗುವ ಹದಿನೈದು ನಿಮಿಷವೂ ಅದೇ.

ಹೋದ ಭಾನುವಾರ ಹೀಗೇ ಕೂತಿದ್ದೆವು. ಬರುವ 19ನೇ ತಾರೀಖಿನ ಸುತ್ತ ಕೆಂಪು ಶಾಯಿಯಲ್ಲಿ ದಪ್ಪನೆಯ ಸೊನ್ನೆ. ಪಕ್ಕದಲ್ಲಿ ಒಂದಕ್ಷರ ಇಲ್ಲ. 'ಇದೇನತ್ತೆ?' ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ ನೋಡಿದರು. 'ಗೊತ್ತಾಗ್ತಿಲ್ಲಮ್ಮ. ಇಷ್ಟು ದಪ್ಪಕ್ಕೆ ಬರೆದಿದೀನಿ ಅಂದ್ರೆ ಏನೋ ಮುಖ್ಯವಾದದ್ದೇ ಇರಬೇಕು' ಅಂದರು.

ನಾನು ಫೋನಿನಲ್ಲಿ ಬರೆದುಕೊಂಡೆ: '18, ರಾತ್ರಿ ಊಟಕ್ಕೆ ಕೂತಾಗ, ಆ ಕೆಂಪು ಸೊನ್ನೆ ಯಾಕೆ ಅಂತ ಅತ್ತೆಯನ್ನು ಇನ್ನೊಮ್ಮೆ ಕೇಳುವುದು.'

ನಮಸ್ಕಾರ.